ಓಟದಪ್ಪನ ಹಬ್ಬ

ಚಾಮರಾಜನಗರದ ಅರಿಶಿನ ಮಂಡಿಯವರ ಮಗಳಿಗೆ ಗ್ರೀಕ್ ಭಾಷೆ ಎಲ್ಲಿಂದ ಅಂಟಿತು ಎಂದು ಜನ ಕೇಳುತ್ತಾರೆ. ಅಂಟಿತು ಎನ್ನುವ ಮಾತು ಸರಿಯಾಗಿಯೇ ಇದೆ. ನಮ್ಮ ಮನೆಯಲ್ಲಿ ಎಲ್ಲವೂ ಅಂಟುತ್ತಿತ್ತು. ಬೇಯಿಸಿದ ಅರಿಶಿನದ ಹಳದಿ ಗೋಡೆಗೆ ಅಂಟುತ್ತಿತ್ತು, ಬಾಗಿಲಿಗೆ ಅಂಟುತ್ತಿತ್ತು, ಅವ್ವನ ಸೆರಗಿಗೆ, ನನ್ನ ಉಗುರಿಗೆ, ಕೊನೆಗೆ ಬಿಳಿ ಅನ್ನಕ್ಕೂ ಅಂಟುತ್ತಿತ್ತು. ಎಷ್ಟು ಒಗೆದರೂ ಹೋಗುತ್ತಿರಲಿಲ್ಲ. ಅಪ್ಪನ ಗ್ರೀಕ್ ಕೂಡ ಹಾಗೆಯೇ. ಬದುಕಿಡೀ ತಿಕ್ಕಿ ನೋಡಿದೆ, ಹೋಗಲಿಲ್ಲ. ಈಗ ತಿಕ್ಕುವುದನ್ನು ಬಿಟ್ಟಿದ್ದೇನೆ. ಆ ಭಾಷೆಯನ್ನು ಪ್ರೀತಿಸಿದಷ್ಟು ನೀನು ಯಾವ ಮನುಷ್ಯರನ್ನೂ ಪ್ರೀತಿಸಿಲ್ಲ ಎಂದು ನನ್ನ ಗಂಡ ಹೇಳುತ್ತಿದ್ದರು. ಪಾಪ, ಅವರು ಸುಳ್ಳು ಹೇಳುವ ಮನುಷ್ಯರಲ್ಲ.

ಅಪ್ಪ ಮೈಸೂರಿನಲ್ಲಿ ಬಿ.ಎ. ಓದುವಾಗ ಯಾರೋ ಮುದಿ ಪಾದ್ರಿಯ ಹತ್ತಿರ ಗ್ರೀಕ್ ಕಲಿತಿದ್ದ. ಇನ್ನೂ ಓದುತ್ತೇನೆ, ಹಡಗು ಹತ್ತುತ್ತೇನೆ ಎಂದುಕೊಂಡಿದ್ದವನನ್ನು ತಾತ ತೀರಿಕೊಂಡರೆಂದು ಕರೆಸಿ ಮಂಡಿಯ ಗಾದಿಯ ಮೇಲೆ ಕೂರಿಸಿದರು. ಆ ಸಿಟ್ಟನ್ನು ಅವನು ಕರೆಸಿದವರ ಮೇಲೆ ತೀರಿಸಿಕೊಳ್ಳಲಿಲ್ಲ. ಅದಾದಮೇಲೆ ಮದುವೆಯಾಗಿ ಬಂದ, ಹತ್ತಿರದ ಉಡಿಗಾಲ ಹಳ್ಳಿಯ ಹುಡುಗಿಯ ಮೇಲೆ ತೀರಿಸಿಕೊಂಡ. ಆಕೆ ನಮ್ಮವ್ವ. ಅವಳಿಗೆ ಓದು ಬರಹ ಬರುತ್ತಿರಲಿಲ್ಲ. ಅಪ್ಪ ಊಟಕ್ಕೆ ಕೂತಾಗ ಗ್ರೀಕಿನಲ್ಲಿ ನೀರು ಕೇಳುವುದು, ಅವಳು ಕಣ್ಣು ಕಣ್ಣು ಬಿಡುವುದು, ಅವನು ತಟ್ಟೆಯಲ್ಲೇ ಕೈ ತೊಳೆದು ಎದ್ದುಹೋಗುವುದು, ಇದು ನನಗೆ ಬುದ್ಧಿ ಬಂದಾಗಿನಿಂದ ನೋಡಿದ್ದು. ಆ ಒಂದು ಪದವನ್ನು ಅವ್ವ ಬೇಗ ಕಲಿತಳು. ಆಮೇಲೆ ಅವನು ಉಪ್ಪು ಕೇಳತೊಡಗಿದ.

ಮನೆ ಉದ್ದಕ್ಕೆ ಇತ್ತು. ಬೀದಿಗೆ ಮಂಡಿ, ಅದರ ಹಿಂದೆ ಪಡಸಾಲೆ, ಆಮೇಲೆ ತೊಟ್ಟಿ, ನಡುಮನೆ, ಅಡಿಗೆಮನೆ, ಕೊನೆಗೆ ಅರಿಶಿನ ಬೇಯಿಸುವ ಕೊಪ್ಪರಿಗೆಗಳಿದ್ದ ಹಿತ್ತಿಲು. ಹಿತ್ತಿಲಿನ ಮೂರು ಕಡೆಯೂ ಆಳೆತ್ತರದ ಗೋಡೆ. ಒಳಗಿನವರು ಹೊರಗೆ ಹೋಗಬೇಕೆಂದರೆ ಪಡಸಾಲೆಯನ್ನು ದಾಟಿಯೇ ಹೋಗಬೇಕು, ಮತ್ತು ಪಡಸಾಲೆಯಲ್ಲಿ ಗಂಡಸರು ಕೂತಿದ್ದರೆ ಹೆಂಗಸರು ದಾಟುವಂತಿಲ್ಲ. ಈ ದಾರಿಯ ವಿಷಯವನ್ನು ಸುಮ್ಮನೆ ಹೇಳುತ್ತಿಲ್ಲ.

ಅಪ್ಪನಿಗೆ ಗ್ರೀಕರ ದಿನಗಳೆಲ್ಲ ಬಾಯಿಪಾಠ. ಯಾವ ಯುದ್ಧ ಎಂದು ನಡೆಯಿತು, ಯಾರು ಎಂದು ಸತ್ತರು, ಎಲ್ಲವೂ ಗೊತ್ತು. ನನ್ನ ಹುಟ್ಟಿದ ದಿನ ಮಾತ್ರ ಗೊತ್ತಿರಲಿಲ್ಲ. ಊರಿನವರು ಪಂಚಾಂಗ ನೋಡಿ ಹಬ್ಬ ಮಾಡಿದರೆ ನಾವು ಅಪ್ಪನ ಮುಖ ನೋಡಿ ಮಾಡುತ್ತಿದ್ದೆವು. ಯಾವುದೋ ಕಣಿವೆ ಕಾಯುತ್ತ ಸ್ಪಾರ್ಟಾದವರು ಒಬ್ಬರೂ ಉಳಿಯದೆ ಸತ್ತ ದಿನ ನಮಗೆಲ್ಲ ಉಪ್ಪಿಲ್ಲದ ರಾಗಿ ಅಂಬಲಿ. ವೀರರ ಊಟವಂತೆ. ಅಪ್ಪನಿಗೆ ಮಾತ್ರ ಅವತ್ತೇ ಗಿರಾಕಿಗಳು ಬಂದು, ಅವರ ಜೊತೆ ಹೋಟೆಲಿಗೆ ಹೋಗಲೇಬೇಕಾಗುತ್ತಿತ್ತು. ಅಥೆನ್ಸಿನಲ್ಲಿ ವಿಷ ಕುಡಿದು ಸತ್ತ ಮುದುಕ ಜ್ಞಾನಿಯ ದಿನ ಬೇವಿನ ಕಷಾಯ. ಮುಖ ಕಿವುಚಿದವರಿಗೆ ಇನ್ನೊಂದು ಲೋಟ. ಎಲ್ಲಕ್ಕಿಂತ ದೊಡ್ಡದು ಸೆಪ್ಟೆಂಬರಿನಲ್ಲಿ ಬರುತ್ತಿದ್ದ, ಮ್ಯಾರಥಾನ್ ಎಂಬ ಬಯಲಿನಲ್ಲಿ ಅಥೆನ್ಸಿನವರು ಯುದ್ಧ ಗೆದ್ದ ದಿನ. ಅವತ್ತು ಪೂಜೆ ಮಾಡಿಸುವ ಅಯ್ಯನೋರಿಗೂ ಊರಿನ ನಾಲ್ಕು ಜನ ದೊಡ್ಡವರಿಗೂ ಊಟ, ಊಟಕ್ಕೆ ಮೊದಲು ಅಪ್ಪನ ಭಾಷಣ. ಗೆದ್ದೆವೆಂದು ಹೇಳಲು ಅಥೆನ್ಸಿನವರೆಗೆ ಓಡಿ, ಹೇಳಿ, ಬಿದ್ದು ಸತ್ತ ಓಟಗಾರನ ಕತೆ ಕೇಳಿ ಕೇಳಿ ಮಂಡಿಯ ಆಳುಗಳು ಅದಕ್ಕೆ ಓಟದಪ್ಪನ ಹಬ್ಬ ಎಂದು ಹೆಸರಿಟ್ಟಿದ್ದರು. ಅವ್ವನೂ ಹಾಗೇ ಕರೆಯುತ್ತಿದ್ದಳು.

ಗಂಡುಮಕ್ಕಳು ಹುಟ್ಟಲಿಲ್ಲವಾಗಿ ಅಪ್ಪ ನನಗೇ ಪಾಠ ಹೇಳಿದ. ಬೆಳಿಗ್ಗೆ ಮಂಡಿ ತೆಗೆಯುವ ಮುಂಚೆ ಮೂಟೆಗಳ ನಡುವೆ ಚಾಪೆ ಹಾಕಿ ಕೂರಬೇಕು. ತಪ್ಪಿದರೆ ಕಿವಿ ಹಿಂಡುತ್ತಿದ್ದ. ಕಿವಿಯೋಲೆಯ ಜಾಗ ನೋಡಿಕೊಂಡೇ ಹಿಂಡುತ್ತಿದ್ದ. ಆದರೂ ನನಗೆ ಅದು ಇಷ್ಟವಾಗಿಬಿಟ್ಟಿತು, ಏನು ಮಾಡಲಿ! ಆ ಅಕ್ಷರಗಳ ದುಂಡು, ಬಾಯಲ್ಲಿ ಹೊರಳುವ ಆ ಉದ್ದುದ್ದ ಸ್ವರಗಳು, ಒಂದು ಕ್ರಿಯಾಪದಕ್ಕೆ ಅಷ್ಟೊಂದು ವೇಷಗಳು! ಹೊಸಿಲ ಮುಂದೆ ರಂಗೋಲಿಯಲ್ಲಿ ಗ್ರೀಕ್ ಅಕ್ಷರ ಬರೆಯುತ್ತಿದ್ದೆ. ಅಪ್ಪ ತುಳಿಯದೆ ದಾಟುತ್ತಿದ್ದ. ಅವನು ಈ ಲೋಕದಲ್ಲಿ ತುಳಿಯದೆ ದಾಟಿದ್ದು ಅದೊಂದನ್ನೇ ಎಂದು ಕಾಣುತ್ತದೆ.

ನನ್ನ ತಂಗಿ ಪುಟ್ಟಿಗೆ ಆಗಿನ್ನೂ ನಾಲ್ಕು ತುಂಬಿರಲಿಲ್ಲ. ಕಜ್ಜಾಯದ ಗರಿಗರಿ ಅಂಚನ್ನು ಮಾತ್ರ ಸುತ್ತಲೂ ಕಡಿದು ತಿಂದು, ನಡುವಿನ ಮೆತ್ತಗಿನದನ್ನು ನನ್ನ ಕೈಗೆ ಇಡುವ ಹುಡುಗಿ. ಆ ವರ್ಷದ ಓಟದಪ್ಪನ ಹಬ್ಬದ ಹಿಂದಿನ ದಿನವೇ ಅವಳಿಗೆ ಜ್ವರ ಬಂತು. ಹಬ್ಬದ ದಿನ ಮಧ್ಯಾಹ್ನದ ಹೊತ್ತಿಗೆ ಕಣ್ಣು ಮೇಲೆ ಸಿಕ್ಕಿಕೊಂಡು ಕೈಕಾಲು ಸೆಟೆಯಿತು. ಅವ್ವ ಒಲೆಯ ಮೇಲಿದ್ದುದನ್ನು ಹಾಗೇ ಬಿಟ್ಟು ಮಗುವನ್ನು ಸೆರಗಿನಲ್ಲಿ ಸುತ್ತಿಕೊಂಡು ಪಡಸಾಲೆಯ ಬಾಗಿಲಿಗೆ ಬಂದಳು. ಒಳಗೆ ಭಾಷಣ ನಡೆಯುತ್ತಿತ್ತು. ಮಂಡಿಯ ಮುಂದೆ ನಮ್ಮ ಜಟಕಾ ಕಟ್ಟಿಯೇ ನಿಂತಿತ್ತು. ಅವಳು ನಿಂತ ಕಡೆಯಿಂದ ಕುದುರೆಯ ಬಾಲ ಕಾಣುತ್ತಿತ್ತು. ಬಾಗಿಲ ಸಂದಿಯಿಂದ ಅವಳು ಹೇಳಿದಳು:

“ಕೂಸು ಕಣ್ ಮೇಲ್ ಮಾಡ್ಬುಟ್ಟದ. ಒಸಿ ದಾರಿ ಬುಡ್ಸಿ, ಆಸ್ಪತ್ರೆಗ ಓಗನ.”

ಅಪ್ಪ ತಿರುಗಲಿಲ್ಲ. ಹಿಂದಕ್ಕೆ ಅಂಗೈ ತೋರಿಸಿದ, ತಡಿ ಎಂದು. ಅವನು ಆಗ ಹೇಳುತ್ತಿದ್ದುದು ಸ್ಪಾರ್ಟಾದವರ ಮಾತನ್ನು. ನಾನು ಕತೆ ಕಟ್ಟುತ್ತಿಲ್ಲ. ಅಥೆನ್ಸಿನವರು ಸಹಾಯ ಕೇಳಿದರೂ ಸ್ಪಾರ್ಟಾದವರು ತಮ್ಮ ಹಬ್ಬ ಮುಗಿದು ಹುಣ್ಣಿಮೆ ಕಳೆಯುವವರೆಗೆ ಹೊರಡಲಿಲ್ಲ, ಆಮೇಲೆ ಬಂದರು, ಹೆಣಗಳನ್ನು ನೋಡಿದರು, ಚೆನ್ನಾಗಿ ಹೋರಾಡಿದಿರಿ ಎಂದು ಹೊಗಳಿ ಹಿಂದಕ್ಕೆ ಹೋದರು, ಎಂಥ ಮೂರ್ಖರು ನೋಡಿ ಎಂದು ಅವನು ವರ್ಷಾ ವರ್ಷಾ ಹೇಳುತ್ತಿದ್ದ. ಅವತ್ತೂ ಹೇಳಿದ. ಜನ ನಕ್ಕರು. ಆ ಜನರಲ್ಲಿ ಒಬ್ಬರಾದರೂ ಎದ್ದು ನಿಂತಿದ್ದರೆ ಅವ್ವ ದಾಟಿಬಿಡುತ್ತಿದ್ದಳೇನೋ. ಅವರಿಗೂ ಊಟದ ಹೊತ್ತು ಹತ್ತಿರವಾಗಿತ್ತು.

ಭಾಷಣ ಮುಗಿದ ಮೇಲೆ ಜಟಕಾ ಹೊರಟಿತು. ಆಸ್ಪತ್ರೆಯ ಗೇಟು ಮುಟ್ಟುವ ಮೊದಲೇ ಪುಟ್ಟಿ ಅವ್ವನ ತೊಡೆಯ ಮೇಲೆ ಹೋಗಿದ್ದಳು. ಹಾಗೇ ತಿರುಗಿಸಿಕೊಂಡು ಬಂದರು. ಸಾವಿನ ಮನೆಯೆಂದು ಅತಿಥಿಗಳು ಊಟಕ್ಕೆ ಕೂರದೆ ಒಬ್ಬೊಬ್ಬರಾಗಿ ಚಪ್ಪಲಿ ಮೆಟ್ಟಿ ನಡೆದಿದ್ದರು. ತೊಟ್ಟಿಯಲ್ಲಿ ಮಗುವನ್ನು ಮಲಗಿಸಿದಾಗ ಅವ್ವ ಬಾಯಿ ಬಿಟ್ಟು ಅಳತೊಡಗಿದಳು. ಅಪ್ಪ ಕಂಬಕ್ಕೆ ಒರಗಿ ನಿಂತಿದ್ದ. ಅವನ ಮುಖದಲ್ಲಿದ್ದುದು ದುಃಖವೋ, ಎಲೆಗಳೆಲ್ಲ ಖಾಲಿ ಉಳಿದ ಸಿಟ್ಟೋ, ನನಗೆ ಇವತ್ತಿಗೂ ಗೊತ್ತಿಲ್ಲ.

“ಮೆತ್ತಗೆ ಅಳು,” ಎಂದ. “ಇವತ್ತು ಗೆಲುವಿನ ದಿನ. ಮಕ್ಕಳನ್ನ ಕಳ್ಕೊಂಡ ಅಥೆನ್ಸಿನ ತಾಯಂದಿರು ಯಾರೂ ಬೀದಿಗೆ ಕೇಳೋ ಹಾಗೆ ಅಳಲಿಲ್ಲ.”

ಅಥೆನ್ಸಿನ ತಾಯಂದಿರು ಅತ್ತರೋ ಬಿಟ್ಟರೋ, ಅವನಿಗೆ ಹೇಗೆ ಗೊತ್ತು? ನಾನು ಆಮೇಲೆ ಎಷ್ಟೋ ಓದಿದೆ. ಅದನ್ನು ಯಾರೂ ಎಲ್ಲಿಯೂ ಬರೆದಿಟ್ಟದ್ದನ್ನು ಕಾಣಲಿಲ್ಲ. ಅವನು ಅಲ್ಲೇ, ಆ ಕಂಬಕ್ಕೆ ಒರಗಿಕೊಂಡೇ ಹುಟ್ಟಿಸಿ ಹೇಳಿದ. ಅವ್ವ ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಂಡಳು.

ವರ್ಷ ತಿರುಗುತ್ತ ಬಂದಾಗ ಅವ್ವ ಕೇಳಿದ್ದು ಒಂದೇ: ಪುಟ್ಟಿ ಹೋದ ದಿನ ಅವಳ ಹೆಸರಿನಲ್ಲಿ ಒಂದು ಎಡೆ ಇಡಬೇಕು. ಅಪ್ಪನ ಅಕ್ಕ, ಗುಂಡ್ಲುಪೇಟೆಗೆ ಕೊಟ್ಟಿದ್ದ ನಮ್ಮತ್ತೆ, ಆಗ ಮನೆಯಲ್ಲಿದ್ದಳು. ಅಡಿಕೆ ಕತ್ತರಿಸುತ್ತಲೇ ತೀರ್ಮಾನ ಕೊಟ್ಟಳು:

“ಎಳೆಕೂಸ್ಗ ಯಾರಮ್ಮಿ ವರ್ಸದ ಪೂಜ ಮಾಡಾರು? ಅದೂ ಎಣ್ಕೂಸ್ಗ! ಮಣ್ ಮಾಡದ್ಮೇಲ ಮುಗೀತು. ಕರದ್ರ ತಿರ್ಗಾ ಬಂದು ಇನ್ನೊಂದ್ ಎಣ್ಕೂಸಾಗೇ ಉಟ್ಟದು, ಉಸಾರು.”

“ಅವತ್ತು ಮ್ಯಾರಥಾನ್ ದಿನ,” ಎಂದ ಅಪ್ಪ. “ಒಂದೇ ದಿನ ಎರಡು ಆಗಲ್ಲ.”

ಅವ್ವ ಆ ವರ್ಷ ಓಟದಪ್ಪನ ಹಬ್ಬಕ್ಕೆ ಕಜ್ಜಾಯ ಮಾಡಿದಳು. ಅಲ್ಲಿಯವರೆಗೆ ಆ ದಿನ ಪಾಯಸವಿತ್ತೇ ಹೊರತು ಕಜ್ಜಾಯವಿರಲಿಲ್ಲ. ಹಿಂದಿನ ದಿನವೇ ಅಕ್ಕಿ ನೆನೆಹಾಕಿ, ಕುಟ್ಟಿ, ಬೆಲ್ಲದ ಪಾಕ ಹದ ನೋಡಿ ಬೆರೆಸಿಟ್ಟು, ಬಾಣಲೆಗೆ ತುಪ್ಪವನ್ನೇ ಹಾಕಿ ಕರಿದಳು. ಮೊದಲನೆಯದನ್ನು ತೆಗೆದು ನಡುಮನೆಯ ಗೂಡಿನಲ್ಲಿ, ಪುಟ್ಟಿ ಮಲಗುತ್ತಿದ್ದ ಜಾಗದ ತಲೆಯ ಮೇಲಿನ ಗೂಡಿನಲ್ಲಿ, ಇಟ್ಟು ಕೈಮುಗಿದಳು. ಉಳಿದದ್ದನ್ನು ಅಪ್ಪನ ಅತಿಥಿಗಳಿಗೆ ಬಡಿಸಿದಳು. ಅಪ್ಪನಿಗೆ ಎಲ್ಲಿಲ್ಲದ ಹಿಗ್ಗು. ನೋಡಿ, ನಮ್ಮ ಮನೆಯವಳೂ ಕೊನೆಗೆ ಅಥೆನ್ಸಿನವಳಾದಳು, ಗ್ರೀಕರಿಗೆ ಕಜ್ಜಾಯದ ಎಡೆ ಇಟ್ಟಿದ್ದಾಳೆ ಎಂದು ಪಡಸಾಲೆಯಲ್ಲಿ ಸಾರಿದ. ಅಯ್ಯನೋರು ಐದಾರು ತಿಂದು ಓಟದಪ್ಪನಿಗೆ ಜಯ ಎಂದರು. ಅವ್ವ ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡಳು. ಅವಳ ತುಟಿಯ ಮೂಲೆ ಅಷ್ಟು ಕೊಂಕಿದ್ದನ್ನು ನಾನು ಮೊದಲು ಕಂಡದ್ದು ಅವತ್ತೇ.

ಹೀಗೆ ಒಂದೆರಡು ವರ್ಷ ನಡೆಯಿತು. ಊರಿನ ದೊಡ್ಡ ಮನುಷ್ಯರೆಲ್ಲ ನನ್ನ ತಂಗಿಯ ಎಡೆಯೂಟ ಉಂಡು ಹೋಗುತ್ತಿದ್ದರು, ಯಾರಿಗೂ ಗೊತ್ತಿರಲಿಲ್ಲ. ಆ ನಡುವೆ ಒಂದು ಮಧ್ಯಾಹ್ನ ನಾನು ಅಪ್ಪನ ಚಿತ್ರದ ಪುಸ್ತಕ ತೆರೆದು ಕೂತಿದ್ದಾಗ ಅವ್ವ ಬೀಸುವ ಕಲ್ಲಿನಿಂದ ಎದ್ದು ಬಂದು ಬಗ್ಗಿ ನೋಡಿದಳು. ಕಲ್ಲಿನಲ್ಲಿ ಕೆತ್ತಿದ ಒಂದು ಪುಟ್ಟ ಹುಡುಗಿ. ಎರಡು ಪಾರಿವಾಳ ಹಿಡಿದುಕೊಂಡು ತಲೆ ಬಗ್ಗಿಸಿದ್ದಾಳೆ.

“ಈ ಕೂಸು ಯಾರ್ದಮ್ಮಿ ದಾಕ್ಷಿ?”

“ಸತ್ತೋದ ಹುಡುಗಿಯಂತೆ ಅವ್ವ. ಗೋರಿ ಮೇಲೆ ನಿಲ್ಸೋ ಕಲ್ಲಂತೆ.”

“ಗ್ರೀಕ್ನೋರ್ದಾ?”

“ಹೂಂ.”

ಅವಳು ಬಹಳ ಹೊತ್ತು ನೋಡಿದಳು. ಹಿಟ್ಟಿನ ಕೈಯನ್ನು ಸೀರೆಗೆ ಒರೆಸಿಕೊಂಡು, ಆ ಹುಡುಗಿಯ ಗದ್ದವನ್ನು ಬೆರಳ ತುದಿಯಿಂದ ಮುಟ್ಟಿದಳು.

“ಅವರಪ್ಪ ಕಲ್ ನಿಲ್ಸವ್ನ,” ಎಂದಳು.

ಆ ಪುಟ ಅಪ್ಪ ನೂರು ಸಲ ತಿರುವಿದ್ದ ಪುಟ. ಬಟ್ಟೆಯ ಮಡಿಕೆಗಳನ್ನು ಹೇಗೆ ಕೆತ್ತಿದ್ದಾರೆ ನೋಡು ಎಂದು ನನಗೇ ತೋರಿಸಿದ್ದ. ನಾನು ಗ್ರೀಕರನ್ನು ಅಪ್ಪನಿಂದ ಕಿತ್ತುಕೊಂಡು ನನ್ನವರನ್ನಾಗಿ ಮಾಡಿಕೊಂಡದ್ದು ಆ ಮಧ್ಯಾಹ್ನ.

ಅದರ ಮುಂದಿನ ವರ್ಷ ಬೇಸಿಗೆಯಲ್ಲಿ ಮೈಸೂರಿನಿಂದ ರೈಲಿನಲ್ಲಿ ಒಂದು ಹೊಸ ಪುಸ್ತಕ ಬಂತು. ಅಪ್ಪ ವಾರವಿಡೀ ಅದರಲ್ಲೇ ಮುಳುಗಿದ್ದ. ಒಂದು ದಿನ ಊಟದ ನಡುವೆ ತಲೆ ಎತ್ತಿದ. ಮುಖ ಕಳಕಳಿಸುತ್ತಿತ್ತು. ಮ್ಯಾರಥಾನ್ ನಡೆದದ್ದು ಸೆಪ್ಟೆಂಬರಿನಲ್ಲಿ ಅಲ್ಲವಂತೆ! ಸ್ಪಾರ್ಟಾದವರ ತಿಂಗಳ ಲೆಕ್ಕವನ್ನು ಹಿಂದಿನವರು ತಪ್ಪು ತಿಳಿದಿದ್ದರಂತೆ, ಅವರ ಆ ಹಬ್ಬದ ಹುಣ್ಣಿಮೆ ಒಂದು ತಿಂಗಳು ಮೊದಲೇ ಬಂದಿರಬಹುದಂತೆ. ಈ ವರ್ಷದಿಂದ ಹಬ್ಬ ಆಗಸ್ಟಿಗೆ. ಅವ್ವನ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು.

“ನಡ್ಕಂಡ್ ಬಂದಿರಾ ದಿನ. ಅದ್ನೇ ಇಟ್ಕೊಳ್ಳಿ,” ಎಂದಳು.

“ತಪ್ಪು ಅಂತ ಗೊತ್ತಾದ ಮೇಲೂ ತಪ್ಪು ದಿನವೇ ಮಾಡಬೇಕಾ? ಅದರಲ್ಲಿ ತಿಳಿದೋರಿಗೇ ಒಮ್ಮತ ಇಲ್ಲ. ನಿನಗೇನು ಗೊತ್ತು! ತಪ್ಪು ದಿನ ಮಾಡೋದಕ್ಕಿಂತ ಮಾಡದೇ ಇರೋದು ವಾಸಿ.”

“ಯಾವತ್ತೋ ಸತ್ತೋರು, ನಮ್ಗ ಯಾವ್ ದಿನ್ವಾದ್ರೇನು? ನಿಮ್ ಕಾಲ್ಗ ಬೀಳ್ತೀನಿ, ದಿನ ಮಾತ್ರ ಬದ್ಲಾಯ್ಸ್ಬ್ಯಾಡಿ.”

ಅಪ್ಪ ಅವಳನ್ನು ವಿಚಿತ್ರವಾಗಿ ನೋಡಿದ. ಎಂದೂ ಏನನ್ನೂ ಕೇಳದವಳು ಇದಕ್ಕೇಕೆ ಕಾಲಿಗೆ ಬೀಳುತ್ತಾಳೆಂದು ಅವನಿಗೆ ಅರ್ಥವಾಗಲಿಲ್ಲ. ಅರ್ಥವಾಗದ್ದನ್ನು ಅವನು ಹಾಗೇ ಬಿಡುವವನೂ ಅಲ್ಲ.

ಆಗಸ್ಟಿನಲ್ಲಿ ಅತಿಥಿಗಳು ಬಂದರು, ಭಾಷಣವಾಯಿತು, ಎಲೆ ಹಾಕಿದರು. ಅವ್ವ ಅನ್ನ, ಸಾರು, ಒಂದು ಪಲ್ಯ ಬಡಿಸಿದಳು. ಸಿಹಿ ಇರಲಿಲ್ಲ. ಅಯ್ಯನೋರು ಬಾಯಿಬಿಟ್ಟು ಕಜ್ಜಾಯ ಕೇಳಿಯೂಬಿಟ್ಟರು. ಅಪ್ಪನ ಮುಖ ಕಪ್ಪಿಟ್ಟಿತು. ಪಲ್ಯವನ್ನೇ ಇನ್ನೊಂದು ಸಲ ಬಡಿಸಲು ಹೇಳಿದ. ಸೆಪ್ಟೆಂಬರಿನ ಆ ಹಳೆಯ ದಿನ ಬಂತು. ಅಪ್ಪ ಮಂಡಿಯಲ್ಲಿದ್ದಾನೆಂದು ಅವ್ವ ಬಾಣಲೆ ಇಟ್ಟಳು. ತುಪ್ಪ, ಬೆಲ್ಲ ಕಾದ ವಾಸನೆಯನ್ನು ಅರಿಶಿನದ ಯಾವ ಮೂಟೆ ತಡೆಯುತ್ತದೆ? ಅಪ್ಪ ಎದ್ದು ಒಳಗೆ ಬಂದ. ಅವ್ವ ಗೂಡಿನ ಮುಂದೆ ಕೈಮುಗಿದು ನಿಂತಿದ್ದಳು.

“ಇದು ಯಾರಿಗೆ?”

“ಪುಟ್ಟಿಗ,” ಎಂದಳು ಅವ್ವ. ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ.

ಅಪ್ಪನಿಗೆ ಎಲ್ಲವೂ ಹೊಳೆಯಿತು. ಇಷ್ಟು ವರ್ಷ ತನ್ನ ಗೆಲುವಿನ ಹಬ್ಬದಲ್ಲಿ, ತನ್ನ ದೊಡ್ಡ ಮನುಷ್ಯರ ಮುಂದೆ, ಅವಳು ಯಾರಿಗೆ ಎಡೆ ಇಟ್ಟಿದ್ದಳು, ತಾನು ಯಾರ ಹೆಸರಿನ ಊಟವನ್ನು ಗ್ರೀಕರದೆಂದು ಹೊಗಳಿದ್ದೆ ಎಂಬುದು. ಅವನ ಕಿವಿ ಕೆಂಪಾದದ್ದನ್ನು ಕಂಡೆ. ಅವ್ವ ಓಡಿಹೋಗಿ ಆ ಚಿತ್ರದ ಪುಸ್ತಕ ತಂದಳು. ಅಕ್ಷರ ಬಾರದವಳು ಒಂದೇ ಸಲಕ್ಕೆ ಆ ಪುಟ ತೆಗೆದಳು. ಅದು ಅವಳಿಗೆ ಅಷ್ಟು ರೂಢಿಯಾಗಿತ್ತು.

“ನಿಮ್ ಗ್ರೀಕ್ನೋರೂ ನಿಲ್ಸವ್ರಲ್ಲ, ನೋಡಿ. ಇದೂ ಎಣ್ಕೂಸೇ. ನಾನು ಕಲ್ಲು ಕೇಳ್ನಿಲ್ಲ. ವರ್ಸಕ್ಕೊಂದ್ ದಿನ ಕೊಡಿ ಅಂದಿ, ಅಷ್ಟೆ.”

ಅಪ್ಪ ಪುಸ್ತಕವನ್ನು ಅವಳ ಕೈಯಿಂದ ತೆಗೆದುಕೊಂಡ. ಮೊದಲು ಪುಟಕ್ಕೆ ತುಪ್ಪದ ಕೈ ತಾಗಿದೆಯೇ ಎಂದು ನೋಡಿದ. ಆಮೇಲೆ ಬಹಳ ಶಾಂತವಾಗಿ, ಪಾಠ ಹೇಳುವ ದನಿಯಲ್ಲಿ ಹೇಳಿದ:

“ಅದು ಗ್ರೀಕರ ಮಗು. ಎರಡು ಸಾವಿರ ವರ್ಷ ಆದಮೇಲೂ ಜನ ನೋಡ್ತಾರೆ. ನಿನ್ನ ಮಗಳು ಏನು ಮಾಡಿ ಸತ್ತಳು? ಓಡಿ ಸತ್ತಳಾ? ಜ್ವರ ಬಂದು ಸತ್ತಳು. ಜ್ವರ ಬಂದು ನಾಯೂ ಸಾಯ್ತದೆ.”

ಕಜ್ಜಾಯದ ಬುಟ್ಟಿಯನ್ನು ಎತ್ತಿಕೊಂಡು ಹಿತ್ತಿಲಿಗೆ ಹೋದ. ಗೂಡಿನಲ್ಲಿದ್ದ ಒಂದನ್ನೂ ಮರೆಯದೆ ಬುಟ್ಟಿಗೆ ಹಾಕಿಕೊಂಡ. ಎಲ್ಲವನ್ನೂ ಹಸುವಿನ ಕಲಗಚ್ಚಿನ ಬಾನಿಗೆ ಸುರಿದು, ಮುಸುರೆಯೊಳಗೆ ಮುಳುಗುವವರೆಗೆ ಕೋಲಿನಿಂದ ಅದುಮಿದ. ಹಸು ಪಾಪ, ಮೂತಿ ಇಟ್ಟು ತಿಂದಿತು. ಈ ತಿಂಗಳು ಪೂರ್ತಿ, ಮುಂದಕ್ಕೂ ಪ್ರತಿ ವರ್ಷ ಈ ತಿಂಗಳು ಪೂರ್ತಿ, ಈ ಮನೆಯಲ್ಲಿ ಒಲೆಯ ಮೇಲೆ ಬಾಣಲೆ ಇಡಕೂಡದು ಎಂದು ಹೇಳಿ ಮಂಡಿಗೆ ಹೋದ. ಬಾಣಲೆಯನ್ನೂ ಒಯ್ದ. ಅದನ್ನು ಅರಿಶಿನದ ಮೂಟೆಗಳ ಹಿಂದೆ ತೂಗುಹಾಕಿದ್ದ. ತಿಂಗಳು ಕಳೆದ ಮೇಲೆ ಅವನೇ ತಂದುಕೊಟ್ಟ. ಅವನು ಬದುಕಿರುವವರೆಗೂ ಪ್ರತಿ ಸೆಪ್ಟೆಂಬರಿನಲ್ಲಿ ಹಾಗೆಯೇ ನಡೆಯಿತು. ಗೌರಿ ಹಬ್ಬಕ್ಕೂ ನಮ್ಮ ಮನೆಯಲ್ಲಿ ಕರಿದ ತಿಂಡಿ ಇಲ್ಲದ್ದು ಕಂಡು ಬಂದವರು ಜಿಪುಣರೆಂದು ಆಡಿಕೊಂಡರು.

ಮಾರನೆಯ ಬೆಳಿಗ್ಗೆ ಪಾಠ ತಪ್ಪಲಿಲ್ಲ. ಗ್ರೀಕಿನಲ್ಲಿ ಹಾರೈಕೆಗೆಂದೇ ಕ್ರಿಯಾಪದಕ್ಕೊಂದು ಬೇರೆ ರೂಪವಿದೆ. ಮಳೆ ಬರಲಿ, ಊರು ಬಾಳಲಿ ಎನ್ನುವ ಹಾಗೆ. ಅಂದು ಅದನ್ನೇ ಹೇಳಿಕೊಟ್ಟು, ಒಂದು ವಾಕ್ಯ ನೀನೇ ಮಾಡಿ ಬರಿ ಎಂದ. ನಾನು ಸ್ಲೇಟಿನ ಮೇಲೆ ಅಪ್ಪ ಸಾಯಲಿ ಎಂದು ಗ್ರೀಕಿನಲ್ಲಿ ಬರೆದುಕೊಟ್ಟೆ. ಅವನು ಕನ್ನಡಕ ಸರಿಮಾಡಿಕೊಂಡು ಓದಿದ. ಅಪ್ಪ ಎಂಬ ಪದದ ಮೇಲೆ ನಾನು ಸ್ವರಚಿಹ್ನೆಯನ್ನು ತಪ್ಪು ಜಾಗದಲ್ಲಿ ಹಾಕಿದ್ದೆ. ಬಳಪ ತೆಗೆದುಕೊಂಡು ಅದನ್ನು ಅಳಿಸಿ ಸರಿಯಾದ ಕಡೆ ಹಾಕಿದ.

“ಕ್ರಿಯಾಪದ ಸರಿಯಾಗಿದೆ. ಭೇಷ್,” ಎಂದ.

ಅವತ್ತು ಕಿವಿ ಹಿಂಡಲಿಲ್ಲ. ಆ ವಾಕ್ಯ ಬರೆದದ್ದಕ್ಕೆ ನನಗೆ ಇವತ್ತಿಗೂ ಪಶ್ಚಾತ್ತಾಪವಿಲ್ಲ. ನಾನು ಬರೆದ ಮೊದಲ ನಿಜವಾದ ವಾಕ್ಯ ಅದು, ಮತ್ತು ಅದನ್ನು ಮೆಚ್ಚಿದ ಮೊದಲ ಓದುಗ ನಮ್ಮಪ್ಪ.

ನನ್ನ ಹಾರೈಕೆ ಫಲಿಸಲು ಬಹಳ ವರ್ಷ ಹಿಡಿಯಿತು. ಅಪ್ಪ ಸತ್ತದ್ದು ಒಂದು ಸೆಪ್ಟೆಂಬರಿನಲ್ಲಿ, ಬಾಣಲೆ ಇನ್ನೂ ಮಂಡಿಯಲ್ಲಿ ತೂಗುತ್ತಿದ್ದಾಗ. ಆಗ ನನಗೆ ಮದುವೆಯಾಗಿತ್ತು. ವರ್ಷ ತುಂಬುವ ಹೊತ್ತಿಗೆ ನಾನು ತವರಿಗೆ ಬಂದಿದ್ದೆ. ಬಾಣಲೆ ಮಂಡಿಯಲ್ಲೇ ತೂಗುತ್ತಿತ್ತು, ಯಾರೂ ಇಳಿಸಿರಲಿಲ್ಲ. ಗುಂಡ್ಲುಪೇಟೆಯಿಂದ ಅತ್ತೆ ಬಸ್ಸಿಳಿದು ಬಂದಳು. ಹಣ್ಣು ಹಣ್ಣು ಮುದುಕಿ, ಗಂಟಲು ಮಾತ್ರ ಹಾಗೇ ಇತ್ತು. ನಡುಮನೆಯಲ್ಲಿ ಕೂತು, ತಮ್ಮನ ವರ್ಷದ ಪೂಜೆಗೆ ಅಯ್ಯನೋರಿಗೆ ಹೇಳಿ ಕಳಿಸಬೇಕು, ದೊಡ್ಡ ಮನುಷ್ಯರನ್ನೆಲ್ಲ ಕರೆಯಬೇಕು, ಅವನ ಅಂತಸ್ತಿಗೆ ತಕ್ಕ ಹಾಗೆ ಆಗಬೇಕು ಎಂದಳು. ಅವ್ವ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ.

“ಯಾವತ್ತು ಅತ್ಗೆ?”

“ಇದೇನಮ್ಮಿ ಇಂಗ್ ಕೇಳೀಯೆ! ನಾಡಿದ್ದಲ್ವಾ ಅವ್ನು ಓದ್ ದಿನ?”

“ಯಾರಂದರು? ಅದ್ರಲ್ಲಿ ತಿಳ್ದೋರ್ಗೇ ಒಮ್ಮತ ಇಲ್ಲ ಕಣತ್ಗೆ. ಒಂದ್ ತಿಂಗ್ಳು ಇಂದೋ ಮುಂದೋ ಇದ್ರೂ ಇರ್ಬೌದು. ತಪ್ ದಿನ ಮಾಡಾಕಿಂತ ಮಾಡ್ದೇ ಇರಾದು ವಾಸಿ.”

ಅತ್ತೆಯ ಕೈಯಲ್ಲಿ ಅಡಿಕೆ ಕತ್ತರಿ ಬಾಯಿ ತೆರೆದುಕೊಂಡೇ ಉಳಿಯಿತು. ನನ್ನ ಕಡೆ ನೋಡಿದಳು, ಓದಿದವಳು ನೀನಾದರೂ ಹೇಳು ಎನ್ನುವಂತೆ. ನಾನು ಬಗ್ಗಿ ಅವ್ವನ ಮೊರದಿಂದ ಒಂದು ಕಲ್ಲು ಹೆಕ್ಕಿ ತೆಗೆದೆ. ಪೂಜೆ ಆ ವರ್ಷ ಆಗಲಿಲ್ಲ. ಮುಂದೆ ಯಾವ ವರ್ಷವೂ ಆಗಲಿಲ್ಲ. ಅವ್ವ ಮೊರವನ್ನು ಪಕ್ಕಕ್ಕಿಟ್ಟು, ಆರಿಸಿದ ಅಕ್ಕಿಯನ್ನು ಪಾತ್ರೆಗೆ ಸುರಿದು ನೀರು ಹೊಯ್ದಳು.

“ದಾಕ್ಷಿ, ಮಂಡಿಗ ಓಗಿ ಬಾಣ್ಲ ತಕ್ಕಬಾ,” ಎಂದಳು. “ನಾಳ ಪುಟ್ಟಿದು.”